ಒಂದು ಡಿಸಿ ಪಿನ್ನಿಗೆ ನಾಲ್ಕು ತಾಲೂಕು

ನಮ್ಮೂರ ಬಸವಣ್ಣನ ಕೊಂಬು ಹಿಡ್ಕಂಡು ಹೇಳ್ತೀನಿ, ಇದ್ರಾಗೆ ಒಂದು ಮಾತು ಸುಳ್ಳಿದ್ರೂ ನಾನು ಇಲ್ಲೀಗಂಟ ಕಟ್ಟಿರೋ ಮೋಟರೆಲ್ಲ ನಾಳೆ ಬೆಳಿಗ್ಗೆ ಒಟ್ಟಿಗೆ ಸುಟ್ಟೋಗ್ಲಿ. ನಲವತ್ತು ವರ್ಷ ಮೋಟರ್ ವೈಂಡಿಂಗ್ ಮಾಡ್ದೋನು ನಾನು. ಮೂರನೇ ಕ್ಲಾಸ್ನಾಗೆ ಸ್ಲೇಟು ಮೇಷ್ಟ್ರ ಮುಂದೇನೆ ಒಡ್ದು ಎದ್ದು ಬಂದೆ, ಆದ್ರೂ ಮಧುಗಿರಿ ಸುತ್ತಮುತ್ತ ನನ್ನ ಕೈ ಬೀಳದೆ ಇರೋ ಪಂಪ್‌ಸೆಟ್ಟು ತೋರ್ಸಿ, ಮೀಸೆ ಬೋಳಿಸ್ತೀನಿ. ನಂಗೇ ಯಾಕೆ ಇಂಥವು ಆಗ್ತವೆ ಅಂತ ಕೇಳ್ಬ್ಯಾಡಿ. ಕೆಲ್ಸ ಮಾಡೋ ಕೈಗೇ ಗಾಯ ಆಗೋದು. ಸುಮ್ನೆ ಕೂತೋರಿಗೆ ಏನಾಗ್ತೈತೆ, ಸೊಂಟ ನೋವು.

ಬಳುವಳಿ ಪೆಟ್ಟಿಗೆ

ನಮ್ಮ ಮದುವೇಲಿ ನಮ್ಮ ಮಾವ ಒಂದು ರೇಡಿಯೋ ಕೊಟ್ಟಿದ್ದ. ಮರದ ಪೆಟ್ಟಿಗೆ, ಮುಂದುಗಡೆ ಬಟ್ಟೆ, ಎರಡು ದೊಡ್ಡ ಗುಂಡಿ. ನಮ್ಮನೆಯೋಳು ಅದ್ನ ಕೂಸಿನಂಗೆ ನೋಡ್ಕಂತಿದ್ಲು. ಒಲೆ ಮುಂದೆ ಕೂತು ರೇಡಿಯೋ ಜತೆಗೇ ಹಾಡ್ಕಂಡು ಮುದ್ದೆ ತಿರುವ್ತಿದ್ಲು.

ನಂಗೆ ಒಂದಿನ ಬುದ್ಧಿ ಬಂತು. ಇನ್ನೊಂಚೂರು ಜೋರಾಗಿ ಹಾಡ್ಲಿ ಅಂತ ಅದ್ರೊಳಗೆ ಮೂರು ಎಚ್‌ಪಿ ಮೋಟರಿನ ಕಂಡೆನ್ಸರ್ ಹಾಕ್ದೆ. ಜೋರಾಗೇ ಸದ್ದು ಬಂತು, ಒಂದೇ ಸಲ. ಆಮ್ಯಾಕೆ ಹೊಗೆ ಬಂತು. ಅವತ್ತು ಸುಮ್ಮನಾಗಿದ್ದು, ಮೂವತ್ತು ವರ್ಷ ಅಟ್ಟದ ಮ್ಯಾಲಿತ್ತು. ಅವ್ಳೂ ಅವತ್ತಿಂದ ಒಲೆ ಮುಂದೆ ಹಾಡ್ನಿಲ್ಲ. ಬಾಯ್ಬುಟ್ಟು ಒಂದು ಮಾತೂ ಅನ್ನಲಿಲ್ಲ, ಅದೇ ಜಾಸ್ತಿ ಉರಿಯೋದು.

ಅನ್ನೋಕೆ ಅವ್ಳ ತಮ್ಮ ಇದ್ನಲ್ಲ. ವರ್ಷಾ ವರ್ಷಾ ಗೌರಿ ಹಬ್ಬಕ್ಕೆ ಬಾಗಿನ ತತ್ತಾನೆ, ಮೊರ ಕೆಳಗಿಡೋಕೆ ಮುಂಚೆ ಕೇಳ್ತಾನೆ, "ಭಾವ, ನಮ್ಮಪ್ಪ ಕೊಟ್ಟ ರೇಡಿಯೋ ಏನಂತೈತೆ?" ಹೋದ ವರ್ಷ ಹತ್ತು ಜನದ ಮುಂದೆ ಅಂದೇಬಿಟ್ಟ, "ಮುಂದಿನ ಗೌರಿ ಹಬ್ಬಕ್ಕೆ ಅದು ಹಾಡ್ಬೇಕು. ಹಾಡಿದ್ರೆ ನಿನ್ನ ಕಾಲಿಗೆ ಬೀಳ್ತೀನಿ. ಇಲ್ಲಾಂದ್ರೆ ಪೆಟ್ಟಿಗೆ ನಮ್ಮನೆಗೆ ಎತ್ಕಂಡು ಹೋಯ್ತೀನಿ."

ನಾನೂ ಮೀಸೆ ಮ್ಯಾಲೆ ಕೈ ಹಾಕಿ, "ಆಗ್ಲಿ ಕಣ್ಲಾ" ಅಂದ್ಬುಟ್ಟೆ. ನಮ್ಮನೆಯೋಳು ಅಡಿಗೆ ಮನೆ ಬಾಗಿಲಾಗೆ ನಿಂತು ಕೇಳಿಸ್ಕಂಡ್ಲು. ಬಳುವಳಿ ಕೊಟ್ಟ ಪೆಟ್ಟಿಗೆ ತವರಿಗೆ ವಾಪಸ್ ಹೋಗೋದು ಅಂದ್ರೆ ಅವ್ಳಿಗೆ ಹೆಂಗಾಗಿರ್ಬೇಕು. ಒಳಕ್ಕೆ ಹೋದೋಳು ಅವತ್ತು ಸಾರಿಗೆ ಉಪ್ಪೇ ಹಾಕ್ನಿಲ್ಲ. ನಾನೂ ಕೇಳ್ನಿಲ್ಲ, ಉಂಡೆ.

ಮಧುಗಿರಿ: ತಿರುಗಿ ನೋಡ್ದೆ ಕೊಟ್ಟೋನು

ಹಬ್ಬ ಇನ್ನೊಂದು ತಿಂಗ್ಳೈತೆ ಅನ್ನುವಾಗ ಕೆಲ್ಸ ಹಿಡ್ದೆ. ಹಳೇ ಹೊಟ್ಟೆ ಕಿತ್ತಾಕಿ, ತುಮಕೂರಿಂದ ಎಫ್‌ಎಂ ಬರೋ ಒಂದು ಸಣ್ಣ ಬೋರ್ಡು ತಂದು ಕೂರಿಸ್ದೆ. ಅಂಗೈಯಷ್ಟು ಬೋರ್ಡು, ನೋಡಿದ್ರೆ ಇದೇನು ಹಾಡ್ತೈತೆ ಅನ್ನಿಸ್ತೈತೆ. ಹೊಸ ಸ್ಪೀಕರ್ ಹಾಕ್ದೆ. ಕೂರಿಸಿದ ಮ್ಯಾಲೆ ನನ್ನ ಪದ್ಧತಿ ಪ್ರಕಾರ ಪೂಜೆ ಮಾಡ್ದೆ. ವಿಭೂತಿ ಗಟ್ಟಿ ನೀರಾಗೆ ತೇದು, ಕರೆಂಟ್ ಕೊಡೋ ಮಗ್ಗುಲಿಗೆ ಮೂರು ಬೆಟ್ಟು ಎಳ್ದು, ನಡೂಕೆ ಕುಂಕುಮ. ಪೂಜೆ ಮಾಡ್ದೆ ಯಾವ ಮೋಟರಿಗೂ ಸ್ವಿಚ್ ಹಾಕ್ದೋನಲ್ಲ ನಾನು. ಅದ್ಕೇ ನನ್ನ ಮೋಟರ್ ಸುಡೋದಿಲ್ಲ.

ಇನ್ನ ಕರೆಂಟು. ಮನೇಲಿ ಕೆಟ್ಟೋದ ಡಿಶ್ ಬಾಕ್ಸಿನ ಅಡಾಪ್ಟರ್ ಇತ್ತು, ತುದಿ ಇಲಿ ತಿಂದಿತ್ತು. ಆ ತುದಿಗೆ ಹಾಕೋದು ಡಿಸಿ ಪಿನ್ನು ಅಂತ. ಕಿರುಬೆಟ್ಟಿನ ತುದಿಯಷ್ಟು ದುಂಡನೆ ಪಿನ್ನು, ಅದ್ರ ನಡೂಕೆ ತೂತು. ಬೋರ್ಡಿನ ತೂತಿನೊಳಗೆ ಒಂದು ಸಣ್ಣ ಕಡ್ಡಿ ಇರ್ತೈತೆ. ಆ ಕಡ್ಡಿ ಈ ತೂತಿನಾಗೆ ಸರ್ಯಾಗಿ ಕೂರಬೇಕು. ಅಷ್ಟೇ ಕೆಲ್ಸ.

ಮಧುಗಿರಿ ಬಸ್‌ಸ್ಟ್ಯಾಂಡ್ ತಾವ ಒಂದು ಅಂಗಡಿ ಐತೆ. ಗೋಡೆ ತುಂಬ ಬಿಸ್ಕತ್ತಿನ ಡಬ್ಬಿ, ಡಬ್ಬಿ ತುಂಬ ಪಿನ್ನು. ಅಡಕೆಲೆ ಹಾಕ್ಕಂಡು ಕೂತಿದ್ದ ಅಂಗಡಿಯೋನು.

"ಡಿಸಿ ಪಿನ್ನು ಕೊಡಪ್ಪ."

"ಯಾತಕ್ಕೆ?"

"ರೇಡಿಯೋ ಬೋರ್ಡಿಗೆ."

ಆಸಾಮಿ ಹಿಂದಕ್ಕೆ ತಿರುಗ್ನೂ ಇಲ್ಲ. ಕೈ ಹಿಂದಕ್ಕೆ ಚಾಚ್ದ, ಮೂರನೇ ಸಾಲು, ಎರಡನೇ ಡಬ್ಬಿ, ಎರಡು ಬೆಟ್ಟು ಹಾಕ್ದ, ಪಿನ್ನು ಟೇಬಲ್ ಮ್ಯಾಲೆ ಬಂತು. ಹಸು ಕೆಚ್ಚಲಿಗೆ ಕರು ಬಾಯಿ ಹಾಕ್ದಂಗೆ. ನಾನು ಯಾರ್ನೂ ಹೊಗಳೋನಲ್ಲ, ಆದ್ರೂ ಒಳಗೊಳಗೇ ಭಲೆ ಅಂದೆ.

"ಬೋರ್ಡು ತಂದಿದೀರಾ? ಹಾಕಿ ನೋಡ್ಬುಡಾನ" ಅಂದ.

"ನಲವತ್ತು ವರ್ಷ ಮೋಟರ್ ಕಟ್ಟಿದೀನಿ ಕಣಯ್ಯ, ನಂಗೇ ಬೋರ್ಡು ತೋರ್ಸು ಅಂತೀಯಾ?"

"ತೋರಿಸ್ಬ್ಯಾಡಿ ಬುಡಿ. ಇಪ್ಪತ್ತು ರೂಪಾಯಿ ಕೊಡಿ. ಇದು ಒಳಕ್ಕೆ ಹೋಗ್ನಿಲ್ಲ ಅಂದ್ರೆ ತಪ್ಪು ಪಿನ್ನಿಂದಲ್ಲ."

ಮನೆಗೆ ಬಂದು ಹಾಕ್ದೆ. ಅರ್ಧಕ್ಕೆ ನಿಂತ್ಕಂತು. ತಿರುವ್ದೆ, ಒತ್ತಿದೆ, ಬೈದೆ. ಊಹುಂ. ನಮ್ಮನೆಯೋಳು ರಾಗಿ ಕೇರ್ತಿದ್ದೋಳು ಅಲ್ಲಿಂದ್ಲೇ ಅಂದ್ಲು, "ಮೊದ್ಲು ಆ ತೂತ ಒಂದ್ಸಲ ನೋಡ್ರಿ."

"ನೀನು ಮೊರ ನೋಡ್ಕಳೆ" ಅಂದೆ. ಬೋರ್ಡು ಹೊಸದು, ಪೂಜೆ ಆಗೈತೆ. ತಪ್ಪು ಪಿನ್ನಿಂದಲ್ದೆ ಇನ್ಯಾರ್ದು?

ಕೊರಟಗೆರೆ: ಮುದ್ದೆ ಅಳೆದೋನು

ಪಿನ್ನಿನಾಗೂ ಸೈಜು ಐತಂತೆ. ಹೊರಗಿಂದ ನೋಡಿದ್ರೆ ಎಲ್ಲಾ ಒಂದೇ ತರ, ನಡುವಿನ ತೂತು ಮಾತ್ರ ಒಂದ್ರಾಗೆ ಎರಡು ಮಿಲಿಮೀಟ್ರಿಗಿಂತ ಕೂದಲೆಳೆ ಜಾಸ್ತಿ, ಇನ್ನೊಂದ್ರಾಗೆ ಎರಡೂವರೆ. ಅಳತೆ ಬೇಕಲ್ಲ. ಬಾವಿ ದಡದಾಗೆ ಕೆಲ್ಸ ಮಾಡುವಾಗ ನಂಗೆ ಯಾವ ಟೇಪು ಇತ್ತು? ಬುತ್ತಿ ಮುದ್ದೇಲಿ ಒಂಚೂರು ಮುರ್ದು, ಶಾಫ್ಟಿಗೆ ಒತ್ತಿ ಅಚ್ಚು ತೆಗೆಯೋದು. ಅಚ್ಚು ಹಿಡ್ಕಂಡು ಲೇತಿಗೆ ಹೋದ್ರೆ ಕೂದಲಷ್ಟೂ ತಪ್ಪಾಗ್ತಿರ್ಲಿಲ್ಲ. ಇಲ್ಲೂ ಅದೇ ಮಾಡ್ದೆ. ಬಿಸಿ ಮುದ್ದೆ ಬೋರ್ಡಿನ ತೂತಿಗೆ ಒತ್ತಿ ತೆಗೆದೆ. ಒಂಚೂರು ಒಳಗೇ ಉಳ್ಕಂತೇನೋ, ಅದ್ನೆಲ್ಲ ಯಾರು ನೋಡ್ತಾರೆ. ಅಚ್ಚನ್ನ ಮುತ್ತುಗದ ಎಲೇಲಿ ಸುತ್ಕಂಡು ಕೊರಟಗೆರೆ ಬಸ್ ಹತ್ತಿದೆ. ಪಕ್ಕದಾಗೆ ಸಿದ್ದರಬೆಟ್ಟಕ್ಕೆ ಹೋಗೋ ಒಬ್ಬಮ್ಮ ಕೂತಿದ್ಲು. ಎಲೆ ನೋಡಿ ಪ್ರಸಾದ ಅಂದ್ಕಂಡು ಕೈ ಚಾಚಿದ್ಲು. ಪುಣ್ಯಕ್ಕೆ ಕೈ ಹಿಂದಕ್ಕೆ ಎಳ್ಕಂಡೆ.

ಕೊರಟಗೆರೆ ಅಂಗಡಿಯೋನು ಕನ್ನಡಕ ಹಣೆ ಮ್ಯಾಲೆ ಇಟ್ಕಂಡು ಕೂತಿದ್ದ. ಎಲೆ ಬಿಚ್ಚಿ ಮುಂದಿಟ್ಟೆ.

"ಏನ್ ಯಜಮಾನ್ರೆ, ಊಟ ತಂದಿದೀರಾ?"

"ಅಳತೆ ತಂದಿದೀನಿ."

ಬೇರೆ ಯಾರಾದ್ರೂ ಆಗಿದ್ರೆ ಆಚೀಗೆ ನೂಕೋರು. ಈ ಪುಣ್ಯಾತ್ಮ ಕನ್ನಡಕ ಕಣ್ಣಿಗಿಳಿಸ್ದ, ಡ್ರಾಯರಿಂದ ಉಕ್ಕಿನ ಅಳತೆ ಕಡ್ಡಿ ತೆಗ್ದ, ಅಕ್ಕಸಾಲಿ ಬಂಗಾರ ತೂಗ್ದಂಗೆ ಉಸಿರು ಬಿಗಿಹಿಡ್ದು ಮುದ್ದೆ ಅಳ್ದ. ಬಸ್ಸಿನ ಬಿಸಿಲಿಗೆ ಮುದ್ದೆ ಒಣಗಿ ಬಿರುಕು ಬಿಟ್ಟಿತ್ತು. ಆ ಬಿರುಕಿಗೂ ಲೆಕ್ಕ ಹಾಕ್ದ! "ಒಣಗಿ ಇಷ್ಟು ಕುಗ್ಗೈತೆ, ಅದ್ನ ಸೇರಿಸ್ಕಂಡ್ರೆ ಎರಡೂವರೆ. ನಿಮ್ಮ ಬೋರ್ಡಿನ ಕಡ್ಡಿ ದಪ್ಪ ಐತೆ" ಅಂದ. ಆಮ್ಯಾಕೆ ತಲೆ ಕೆರ್ಕಂಡು, "ಇಂಥ ಬೋರ್ಡಿಗೆ ಸಣ್ಣದೇ ಬರ್ಬೇಕು, ಆದ್ರೂ ಮುದ್ದೆ ಸುಳ್ಳು ಹೇಳೋದಿಲ್ಲ" ಅಂದ.

ಆ ಮಾತು ಕೇಳಿ ನಂಗೆ ಎದೆ ಉಬ್ಬೋಯ್ತು. ಮೂವತ್ತು ರೂಪಾಯಿ ಕೊಟ್ಟು ಪಿನ್ನು ತಗಂಡೆ. ಹೊರಡುವಾಗ ದೊಡ್ಡ ಮನಸ್ಸು ಮಾಡಿ, "ಈ ಅಚ್ಚು ನೀನೇ ಇಟ್ಕಳಪ್ಪ, ಇನ್ನೊಬ್ರಿಗೆ ಬೇಕಾಗ್ತೈತೆ" ಅಂದೆ.

"ಬ್ಯಾಡ ಯಜಮಾನ್ರೆ" ಅಂದ, "ಸಾರಿಲ್ಲ."

ಶಿರಾ: ಬೆಂಕಿಕಡ್ಡಿ ಸಾಹೇಬ್ರು

ಎರಡೂವರೇದೂ ಹೋಗ್ನಿಲ್ಲ. ಮೊದಲಿನದಕ್ಕಿಂತ ಮುಂಚೇನೆ ನಿಂತ್ಕಂತು! ತೂತು ದಿನಾ ದಿನಾ ಕಿರಿದಾಗ್ತೈತೆ ಅಂತ ಅನುಮಾನ ಬಂತು, ಆದ್ರೆ ಯಾರ ಹತ್ರ ಹೇಳೋದು? ನಮ್ಮನೆಯೋಳು ಮತ್ತೆ ಅಂದ್ಲು, "ತೂತ ನೋಡ್ರಿ." ನಾನು ಕ್ಯಾಲೆಂಡರ್ ನೋಡ್ದೆ. ಹಬ್ಬಕ್ಕೆ ಹತ್ತೇ ದಿನ. ಶಿರಾ ಬಸ್ ಹತ್ತಿದೆ.

ಶಿರಾದಾಗೆ ಒಬ್ರು ವಯಸ್ಸಾದ ಸಾಹೇಬ್ರು ಅವ್ರೆ, ರೇಡಿಯೋ ರಿಪೇರಿ. ಕಣ್ಣಿಗೆ ಪೊರೆ ಬಂದೈತೆ, ಮನುಷ್ಯರ ಮುಖ ಗೊತ್ತಾಗೋದಿಲ್ಲ. ನನ್ನ ಎರಡೂ ಪಿನ್ನು ಅವ್ರ ಅಂಗೈಗೆ ಹಾಕ್ದೆ. ಕಿವಿ ಸಂದಿಯಿಂದ ಒಂದು ಬೆಂಕಿಕಡ್ಡಿ ತೆಗೆದ್ರು. ಮೊದಲ್ನೇದಕ್ಕೆ ಕಡ್ಡಿ ತೂರಿಸಿದ್ರು, ಬಿಗಿಯಾಗಿ ನಿಂತ್ಕಂತು.

"ಇದು ಸಣ್ಣದು."

ಇನ್ನೊಂದಕ್ಕೆ ತೂರಿಸಿದ್ರು, ಲೊಡಲೊಡ ಅಂತು.

"ಇದು ಎರಡೂವರೆ. ಅಷ್ಟೇ ವಿದ್ಯೆ ಯಜಮಾನ್ರೇ, ಎರಡು ರೂಪಾಯಿ ಕಡ್ಡಿಪೊಟ್ಟಣ."

ನಾನು ಬಿಟ್ಟ ಬಾಯಿ ಬಿಟ್ಕಂಡೇ ಇದ್ದೆ. ಮಿಷನ್ನು ಬ್ಯಾಡ, ಮೀಟರ್ ಬ್ಯಾಡ, ಕಣ್ಣೂ ಬ್ಯಾಡ. ಪರೀಕ್ಷೆ ಮಾಡಾನ ಅಂತ ಅವ್ರ ಡಬ್ಬಿಯಿಂದಾನೇ ಹತ್ತಾರು ಪಿನ್ನು ಕಲಸಿ ಕೊಟ್ಟೆ. ಮಾತಾಡ್ತಾ ಮಾತಾಡ್ತಾ ಎರಡು ಗುಡ್ಡೆ ಮಾಡ್ಬುಟ್ರು. ಒಂದೂ ತಪ್ಪಿಲ್ಲ. ನಾನು ಕಟ್ಟಿರೋ ಮೋಟರೆಲ್ಲ ಆ ಒಂದು ಬೆಂಕಿಕಡ್ಡಿ ಮುಂದೆ ಸಣ್ಣವಾಗಿ ಕಂಡ್ವು. ಇದ್ನ ಇಲ್ಲೀಗಂಟ ಯಾರಿಗೂ ಹೇಳಿರ್ಲಿಲ್ಲ.

"ಎರಡೂ ಪಿನ್ನು ಅಚ್ಛಾ ಐತೆ. ರೋಗಿ ಎಲ್ಲಿ? ಬೋರ್ಡು?"

"ಮನೇಲೈತೆ."

"ನಕ್ಕೋ ಯಜಮಾನ್ರೇ, ಹಿಂಗೆ ಬ್ಯಾಡ!" ಸಾಹೇಬ್ರು ತಲೆ ಚಚ್ಕಂಡ್ರು. "ಜ್ವರ ಬಂದಿರೋದು ಎತ್ತಿಗೆ. ನೀವು ಮೂಗುದಾರ ಬಿಚ್ಕಂಡು ಬಂದು ನಾಡಿ ನೋಡು ಅಂತೀರಲ್ಲ?"

ನಾನು ಜಗ್ಗಲಿಲ್ಲ. ಮೂತಿ ಉದ್ದ ಇರೋದು ಒಂದು ಕೊಡಿ ಅಂತ ಹಟ ಹಿಡ್ದು ಇಪ್ಪತ್ತೈದು ರೂಪಾಯಿಗೆ ಇನ್ನೊಂದು ಪಿನ್ನು ಕೊಂಡ್ಕಂಡೆ. ಸಾಹೇಬ್ರು ಕೊಡುವಾಗ ಹೇಳಿದ್ರು, "ಇದೂ ಹೋಗ್ನಿಲ್ಲ ಅಂದ್ರೆ ಪೆಟ್ಟಿಗೆ ಎತ್ಕಂಡು ಪಾವಗಡಕ್ಕೆ ಹೋಗಿ. ನನ್ನ ತಾವ ಕೆಲ್ಸ ಕಲ್ತ ಒಬ್ಬ ಹೆಣ್ಮಗಳು ಮೊಬೈಲ್ ಅಂಗಡಿ ಇಟ್ಟವ್ಳೆ. ಭೂತಗನ್ನಡಿ ಐತೆ. ನಂಗೆ ತೂತು ಕಾಣೋದಿಲ್ಲ, ನೀವು ನೋಡೋದಿಲ್ಲ. ಅವ್ಳಿಗೆ ಎರಡೂ ಆಗ್ತೈತೆ."

ಮನೆಗೆ ಬಂದೆ. ಉದ್ದ ಮೂತಿದೂ ನಿಂತ್ಕಂತು. ಬೇರಿಂಗ್ ಬಿಗಿ ಆದ್ರೆ ಏನ್ ಮಾಡ್ತಾರೆ? ಎಣ್ಣೆ ಬಿಡ್ತಾರೆ. ಹದಿನೈದು ರೂಪಾಯಿ ಹರಳೆಣ್ಣೆ ತಂದು ತೂತಿನ ತುಂಬ ಬಿಟ್ಟೆ. ಎಣ್ಣೆ ಒಳಕ್ಕೆ ಇಳೀತು. ಪಿನ್ನು ಇಳೀನಿಲ್ಲ.

ಪಾವಗಡ: ಗರ್ಭಗುಡಿ

ಹಬ್ಬಕ್ಕೆ ಎರಡು ದಿನ. ಪೆಟ್ಟಿಗೆನೂ ಅಡಾಪ್ಟರೂ ಹಳೇ ಸೀರೇಲಿ ಕಟ್ಕಂಡು, ಹೆಗಲ ಮ್ಯಾಲೆ ಇಟ್ಕಂಡು ಹೊಂಟೆ. ನಮ್ಮನೆಯೋಳು ಬಾಗಿಲಿಗೆ ಬಂದು, "ಹುಷಾರು" ಅಂದ್ಲು. ನಂಗೆ ಹೇಳಿದ್ದಲ್ಲ, ಪೆಟ್ಟಿಗೆಗೆ. ಬಸ್ಸಿನಾಗೆ ಅದ್ನ ತೊಡೆ ಮ್ಯಾಲೆ ಕೂರಿಸ್ಕಂಡಿದ್ದು ನೋಡಿ ಕಂಡಕ್ಟರ್, "ತಾತ, ಕೂಸಿಗೆ ಎಷ್ಟು ವರ್ಷ? ಅರ್ಧ ಟಿಕೆಟ್ ಆಗ್ತೈತೆ" ಅಂದ. ಬಸ್ಸೆಲ್ಲ ನಕ್ತು. ನನ್ನ ಮೈ ಉರೀತು, ಆದ್ರೆ ಪೆಟ್ಟಿಗೆ ಕೆಳಗಿಡ್ನಿಲ್ಲ.

ಪಾವಗಡದ ಹೆಣ್ಮಗಳಿಗೆ ಮೂವತ್ತೈದು ಇರ್ಬೇಕು. ತಲೆಗೆ ಕನಕಾಂಬರ, ಕೈಯಾಗೆ ಸೀಸ ಕರಗ್ಸಿ ಟಾಂಕಾ ಹಾಕೋ ಕಡ್ಡಿ. ಅಕ್ಕಿಕಾಳಿಗಿಂತ ಸಣ್ಣ ಸಾಮಾನನ್ನ ಚಿಮಟದಾಗೆ ಹಿಡ್ದು ಮೊಬೈಲ್ ಒಳಗೆ ಕೂರಿಸ್ತಿದ್ಲು. ಉಸಿರೂ ಆಡ್ತಿರ್ಲಿಲ್ಲ. ನಾನು ಮಾತಾಡ್ದೆ ಅದು ಮುಗಿಯೋಗಂಟ ನಿಂತ್ಕಂಡೆ. ನಾನು ಸುಮ್ನೆ ನಿಂತಿದ್ದು ಅದೇ ಮೊದ್ಲು.

"ಏಮಿ ತಾತಾ, ಏನಾಗೈತೆ?" ತೆಲುಗು ಬೆರೆಸಿ ಕೇಳಿದ್ಲು.

ಶಿರಾ ಸಾಹೇಬ್ರು ಕಳ್ಸಿದ್ರು ಅಂದೆ. ಟಕ್ ಅಂತ ಎದ್ದು ನಿಂತು ಕುರ್ಚಿ ಕೊಟ್ಲು. ಪೆಟ್ಟಿಗೆ ಹಿಂದುಗಡೆ ತಿರುಗಿಸಿ ಭೂತಗನ್ನಡಿ ಹಿಡಿದ್ಲು. ಮತ್ತೆ ನೋಡಿದ್ಲು. ತಲೆಯಿಂದ ಒಂದು ಹೇರ್‌ಪಿನ್ ಕಿತ್ಕಂಡು ಒಳಕ್ಕೆ ಹಾಕಿ ತಿರುವಿದ್ಲು.

"ಇದು ಏನು ತಾತಾ, ಎಣ್ಣೆ?"

"ಹೂಂ. ಬಿಗಿ ಇತ್ತಲ್ಲ, ಅದ್ಕೆ."

ಇನ್ನೊಂಚೂರು ತಿರುವಿದ್ಲು. ಕರ್ರಗಿರೋ ಒಂದು ಉಂಡೆ ಬಂತು. ಮೂಸಿ ನೋಡಿದ್ಲು. "ಇದಿ… ರಾಗಿ ಸಂಗಟಿ?"

"ಮುದ್ದೆ. ಅಳತೆಗೆ."

ಅಂಗಡಿ ಮುಂದೆ ನಾಲ್ಕು ಜನ ಸೇರ್ಕಂಡ್ರು. ಹೇರ್‌ಪಿನ್ ಇನ್ನೂ ಒಳಕ್ಕೆ ಹೋಯ್ತು. ಕೆಂಪನೆ ಪುಡಿ ಬಂತು. ಆಮ್ಯಾಕೆ ಬಿಳೀದು, ಸುಣ್ಣದ ಗಟ್ಟಿಯಂಗೆ, ಚಕ್ಕೆ ಚಕ್ಕೆ.

"ಕುಂಕುಮ. ವಿಭೂತಿ." ಹೇರ್‌ಪಿನ್ ಕೆಳಗಿಟ್ಟು ನನ್ನ ಮುಖ ನೋಡಿದ್ಲು. "ತಾತಾ, ನೀನು ಮೊದ್ಲು ವಿಭೂತಿ ಇಟ್ಟೆ, ಕುಂಕುಮ ಇಟ್ಟೆ, ಆಮೇಲೆ ನೈವೇದ್ಯ ಇಟ್ಟೆ, ಕೊನೇಗೆ ಎಣ್ಣೆ ಮಜ್ಜನ ಮಾಡಿಸ್ದೆ. ಇದಿ ಸಾಕೆಟ್ ಕಾದು, ಸಾಕೆಟ್ ಅಲ್ಲ ತಾತಾ, ಗರ್ಭಗುಡಿ! ಮಂಗಳಾರತಿ ಒಂದೇ ಬಾಕಿ ಇಟ್ಟಿದೀಯಾ."

ನಾಲ್ಕು ಜನ ಹದಿನಾಲ್ಕಾಗಿದ್ರು. ನಕ್ಕಿದ್ದು ಶಿರಾಗೂ ಕೇಳಿಸಿರ್ಬೇಕು. ನಾನೂ ನಕ್ಕೆ, ಇನ್ನೇನ್ ಮಾಡ್ಲಿ.

ಸ್ಪಿರಿಟ್ ಹಾಕಿ ತೊಳೆದ್ಲು. ಒಳಗಿನ ಕಡ್ಡಿ ಬೆಳ್ಳಿ ತರ ಹೊಳೀತು, ಸಣ್ಣಗೆ. ನನ್ನ ಜೇಬಿನಾಗಿದ್ದ ಮೂರು ಪಿನ್ನೂ ಸುರುವ್ದೆ. ಅವ್ಳು ಒಂದನ್ನ ಎತ್ಕಂಡು ಹಾಕಿದ್ಲು. ಟಕ್. ಬೆಣ್ಣೆಗೆ ಬೆಟ್ಟು ಹೋದಂಗೆ ಹೋಯ್ತು. ಯಾವುದು ಅಂದ್ಕಂಡ್ರಿ? ಮಧುಗಿರಿಯೋನು ತಿರುಗಿ ನೋಡ್ದೆ ಕೊಟ್ಟಿದ್ದು!

ಅಡಾಪ್ಟರ್ ವೈರಿಗೆ ಆ ಪಿನ್ನು ನಾನೇ ಟಾಂಕಾ ಹಾಕ್ತೀನಿ ಅಂತ ಹಟ ಮಾಡ್ದೆ. ನೋಡ್ತಾ ನಿಂತಿದ್ದೋಳು, "ನಿನ್ನ ಕೈ ಚಾಲಾ ಬಾಗುಂದಿ ತಾತಾ, ಭಾಳ ಚೆಂದ" ಅಂದ್ಲು. ಅಡಾಪ್ಟರ್ ಚುಚ್ಚಿದ್ವಿ, ಹಸಿರು ದೀಪ ಹತ್ಕಂತು. ದುಡ್ಡು ಕೊಡೋಕೆ ಹೋದ್ರೆ, "ಸಾಹೇಬ್ರು ಕಳ್ಸಿದೋರ ತಾವ ತಗಳಲ್ಲ. ಹಬ್ಬದ ದಿನ ಅದಕ್ಕೆ ಪೂಜೆ ಮಾಡ್ಬ್ಯಾಡ, ಅಷ್ಟೇ ಫೀಸು" ಅಂದ್ಲು.

ಗೌರಿ ಹಬ್ಬ

ಭಾವಮೈದ ಬಂದ. ಮೊರ ಕೈಯಾಗೇ ಐತೆ. "ಭಾವ, ರೇಡಿಯೋ ಏನಂತೈತೆ?"

"ನೀನೇ ಕೇಳ್ಕಳ್ಲಾ" ಅಂತ ಗುಂಡಿ ತಿರುವ್ದೆ. ಹಸಿರು ದೀಪ ಬಂತು. ಗೊರಗೊರ ಅಂತು. ಆಮ್ಯಾಕೆ ಒಬ್ಬ ಗಂಡಸು ಸ್ಪಷ್ಟವಾಗಿ, "ಕಡಲೆಕಾಯಿ ಬೆಳೆಗೆ ಎಲೆಚುಕ್ಕೆ ರೋಗ ಕಂಡುಬಂದಲ್ಲಿ…" ಅಂದ.

ಭಾವಮೈದ ಮೊರ ಇನ್ನೂ ಗಟ್ಟಿಯಾಗಿ ಹಿಡ್ಕಂಡ. "ಹಾಡ್ಬೇಕು ಅಂತ ಮಾತು ಭಾವ. ಇದು ರೋಗ ಹೇಳ್ತೈತೆ."

"ತಡ್ಕಳ್ಲಾ!"

ಎಲ್ಲಾರೂ ಕೂತ್ವಿ. ಎಲೆಚುಕ್ಕೆ ಆಯ್ತು, ಬೇರುಹುಳ ಬಂತು. ಬೇರುಹುಳಕ್ಕೆ ಔಷಧಿ ಎಷ್ಟು, ನೀರು ಎಷ್ಟು, ಎಲ್ಲಾ ಆಯ್ತು. ನಂಗೆ ಬೆವರು ಇಳೀತಿತ್ತು. ಆ ಮಾರಾಯನಿಗೆ ಮಾತು ಮುಗೀತಾನೇ ಇಲ್ಲ. ಕೊನೇಗೆ ಗಂಟಲು ಸರಿ ಮಾಡ್ಕಂಡು, "ಈಗ ಒಂದು ಗೀತೆ" ಅಂದ ನೋಡಿ, ನಮ್ಮ ಮಾವನ ಮರದ ಪೆಟ್ಟಿಗೆ ಮೂವತ್ತು ವರ್ಷದ ಮ್ಯಾಲೆ ಹಾಡ್ತು.

ಅಡಿಗೆ ಮನೆಯಿಂದ ಇನ್ನೊಂದು ದನಿ ಕೇಳ್ತು. ಒಲೆ ಮುಂದೆ ಕೂತು ನಮ್ಮನೆಯೋಳು ಅದ್ರ ಜತೆಗೇ ಹಾಡ್ತಿದ್ಲು. ಭಾವಮೈದ ಮೊರ ಕೆಳಗಿಟ್ಟು, ನನ್ನ ಕಾಲಿಗೆ ಬಿದ್ದ. ಎತ್ತಬೇಕಿತ್ತು. ನಾನು ಒಂಚೂರು ತಡ ಮಾಡ್ದೆ.

ಅಷ್ಟೊತ್ತಿಗೆ ಅವ್ಳು ಕಣ್ಣು ಒರೆಸ್ಕಂಡು ಆಚೀಗೆ ಬಂದ್ಲು. ಕೈಯಾಗೆ ಅರಿಶಿನ ಕುಂಕುಮದ ಬಟ್ಲು. ನೆಟ್ಟಗೆ ಪೆಟ್ಟಿಗೆ ಹಿಂದುಗಡೆಗೆ ಹೋಗಿ, ಪಿನ್ನು ಕಿತ್ತು, ಬೆಟ್ಟಿಗೆ ಕುಂಕುಮ ತಗಂಡ್ಲು.

ನಾನು ಭಾವಮೈದನ ದಾಟ್ಕಂಡು ಹಾರಿ ಕೈ ಹಿಡ್ಕಂಡೆ. "ಲೇ, ಬೇಕಾದ್ರೆ ನನ್ನ ಹಣೆ ತುಂಬ ಹಚ್ಚೆ, ಅದೊಂದು ತೂತಿಗೆ ಮಾತ್ರ ಬ್ಯಾಡ!"

ಅವ್ಳು ನನ್ನ ಮುಖ ನೋಡಿದ್ಲು, ತೂತು ನೋಡಿದ್ಲು, ಎಲ್ಲಾ ಗೊತ್ತಾಗೋಯ್ತು. ಸೆರಗು ಬಾಯಿಗೆ ಹಿಡ್ಕಂಡು ನಕ್ಕಿದ್ದು ನಿಲ್ಲಲಿಲ್ಲ. "ಮೊದಲ್ನೇ ದಿನಾನೇ ತೂತು ನೋಡ್ರಿ ಅನ್ನಲಿಲ್ವಾ? ಹೋಗ್ಲಿ, ನನ್ನಾದ್ರೂ ಕಳ್ಸಿದ್ರೆ ಸರ್ಕಾರಿ ಬಸ್ಸು ನಂಗೆ ಫ್ರೀ ಇತ್ತು!"

ಆ ಇಪ್ಪತ್ತು ರೂಪಾಯಿ ಪಿನ್ನು ಇವತ್ತೂ ಅಲ್ಲೇ ಐತೆ, ದಿನಾ ಬೆಳಿಗ್ಗೆ ಪೆಟ್ಟಿಗೆ ಹಾಡ್ತೈತೆ, ಅವ್ಳೂ ಹಾಡ್ತಾಳೆ. ಅದ್ರಾಚೆಗೆ ಬಸ್ಸು, ಬ್ಯಾಡದ ಪಿನ್ನು, ಹರಳೆಣ್ಣೆ, ಟೀ ಅಂತ ಮೂರು ತಾಲೂಕಿನಾಗೆ ನಾನು ಕಳ್ಕಂಡಿದ್ದು ನಾನೂರ ಮೂವತ್ತೇಳು ರೂಪಾಯಿ.